ಯಾರನ್ನು ಕೇಳಿ ಸುಟ್ಟಿರಿ?

"ಚೂರಿ ಕೆಳಗಿಡಿ."

ಗ್ಲ್ಯಾಡಿಸ್ ತಲೆ ಎತ್ತಲಿಲ್ಲ. ಹೇಳಿದ್ದು ತನಗೆ ಎಂದು ಅವಳಿಗೆ ಅನಿಸಲೇ ಇಲ್ಲ. ಹಲಸಿನ ಕೊಂಬೆಯ ತುಂಡನ್ನು ಮೊಣಕಾಲಿಗೆ ಒತ್ತಿಕೊಂಡು ಸರ್ರನೆ ಒಂದು ಸಿಪ್ಪೆ ಎಬ್ಬಿಸಿದಳು. ಅದು ಹಾರಿ, ಪಕ್ಕದಲ್ಲಿ ಕೂತಿದ್ದ ಅಬ್ದುಲ್ ಹಕೀಂ ಸಾಹೇಬರ ಬಿಳಿ ಟೊಪ್ಪಿಯ ಮೇಲೆ ಹೋಗಿ ಕೂತಿತು.

"ನಿಮಗೇ ಹೇಳಿದ್ದು. ಚೂರಿ ಕೆಳಗಿಡಿ."

ಈಗ ತಲೆ ಎತ್ತಿದಳು. ಎದುರಿಗೆ ಕೆತ್ತನೆಯ ಮೇಷ್ಟ್ರು ನಿಂತಿದ್ದರು. ಮೇಷ್ಟ್ರು ಎಂದರೆ ನರೆತ ತಲೆಯವರು ಎಂದು ಅವಳು ಅಂದುಕೊಂಡಿದ್ದಳು. ಇವನಿಗೆ ಮೂವತ್ತು ಮೂವತ್ತೆರಡು ಇರಬಹುದು. ಅಂಗಿಯ ತೋಳು ಮಡಚಿದ್ದ, ಮುಖದಲ್ಲಿ ನಗು ಇರಲಿಲ್ಲ.

"ಯಾಕೆ?"

"ನಿಮಗೆ ಸಿಟ್ಟು ಬಂದಿದೆ. ಸಿಟ್ಟಿನಲ್ಲಿ ಇರುವವರ ಕೈಗೆ ನಾನು ಚೂರಿ ಕೊಡುವುದಿಲ್ಲ."

"ಸಿಟ್ಟು ಇಳಿಯಲಿ ಅಂತಲೇ ಡಾಕ್ಟ್ರು ನನ್ನನ್ನು ಇಂಥ ಕಡೆ ಕಳಿಸಿದ್ದು. ಸಿಟ್ಟು ಇಳಿದ ಮೇಲೆ ಇಲ್ಲಿಗೆ ಬಂದು ನಾನು ಎಂತ ಮಾಡಲಿ?"

ಚಾಪೆಯ ಮೇಲೆ ಕೂತಿದ್ದ ಉಳಿದ ಐವರೂ ನಕ್ಕರು. ಅವನು ನಗಲಿಲ್ಲ. ಅಂಗೈ ಚಾಚಿದ. ಅವನ ಅಂಗೈಗೆ ಕೊಡಲು ಅವಳಿಗೆ ಮನಸ್ಸಾಗಲಿಲ್ಲ, ಚೂರಿಯನ್ನು ನೆಲದ ಮೇಲಿಟ್ಟಳು. ಅವನು ಬಗ್ಗಿ ಎತ್ತಿಕೊಂಡ.

"ಇವತ್ತು ಈ ಮರದ ಮೇಲೆ ಬರೀ ಹೆಬ್ಬೆರಳು ಆಡಿಸಿ. ಯಾವ ಕಡೆಗೆ ನುಣುಪು, ಯಾವ ಕಡೆಗೆ ತರಿ ಅಂತ ಹೇಳಿದರೆ ಸಾಕು. ನಾರು ಓಡುವ ದಿಕ್ಕು ಗೊತ್ತಿಲ್ಲದೆ ಕೆತ್ತಿದರೆ ಮರ ಸೀಳುತ್ತದೆ. ಮತ್ತೆ ಕೈಯೂ ಸೀಳುತ್ತದೆ."

ಎರಡು ಗಂಟೆ! ಉದ್ಯಾವರದಿಂದ ಉಡುಪಿಗೆ ಒಂದು ಬಸ್ಸು, ಉಡುಪಿಯಿಂದ ಮಣಿಪಾಲಕ್ಕೆ ಇನ್ನೊಂದು ಬಸ್ಸು ಹತ್ತಿ, ನಿಂತುಕೊಂಡೇ ಬಂದವಳು ಎರಡು ಗಂಟೆ ಒಂದು ಸೌದೆಯನ್ನು ಸವರುತ್ತ ಕೂರಬೇಕು. ಮಗುವಿಗೆ ಗಿಲಕಿ ಕೊಟ್ಟ ಹಾಗೆ ನನಗೆ ಮರದ ತುಂಡು ಕೊಟ್ಟಿದ್ದಾನೆ ಈ ಮಹಾನುಭಾವ... ನಾಳೆಯಿಂದ ಈ ಕಡೆ ಕಾಲಿಟ್ಟರೆ ಕೇಳು ಎಂದು ಅವಳು ಮನಸ್ಸಿನಲ್ಲೇ ಶಪಥ ಮಾಡಿದಳು.

ಆದರೆ ಮುಂದಿನ ಶನಿವಾರ ಬಂದಳು. ಬಾರದಿದ್ದರೆ ಅವನೇ ಗೆದ್ದ ಹಾಗಾಗುತ್ತಿತ್ತಲ್ಲ.

ಗ್ಲ್ಯಾಡಿಸ್ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಅದು ೧೯೮೩ನೇ ಇಸವಿ. ಮಸ್ಕತ್ತಿಗೆ, ಬೊಂಬಾಯಿಗೆ ಟ್ರಂಕ್ ಕಾಲ್ ಬುಕ್ ಮಾಡಿದವರು ಗಂಟೆಗಟ್ಟಲೆ ಕಾಯಬೇಕಿದ್ದ ಕಾಲ. ಲೈನು ಸಿಗದಿದ್ದರೆ ತಪ್ಪು ಯಾರದು? ಆಪರೇಟರಳದು. ಲೈನು ಕಟ್ಟಾದರೆ? ಅದೂ ಅವಳದೇ. ಏಳು ವರ್ಷ ಎರಡೂ ಕಿವಿಗೆ ಬೈಗುಳ ತುಂಬಿಕೊಂಡು, "ಕ್ಷಮಿಸಿ, ಲೈನ್ ಬ್ಯುಸಿ ಉಂಟು" ಎಂದು ಜೇನಿನಂಥ ದನಿಯಲ್ಲಿ ಹೇಳುತ್ತ ಬಂದಳು. ಒಂದು ದಿನ ಊರಿನ ದೊಡ್ಡ ಮನುಷ್ಯರೊಬ್ಬರು ಫೋನಿನಲ್ಲಿ ಅವಳ ತಾಯಿಯನ್ನು ಸೇರಿಸಿ ಬೈದರು. ಅವಳು ಉತ್ತರ ಕೊಡಲಿಲ್ಲ. ತಂತಿಯನ್ನು ಬೋರ್ಡಿನಿಂದ ಕಿತ್ತು ಹಾಕಿದಳು.

ಅಂದಿನಿಂದ ಅವಳ ಕೈ ನಡುಗಲು ಶುರುವಾಯಿತು. ಸಂಜೆಯಾದರೆ ತಲೆಯ ಒಂದು ಪಕ್ಕ ಸಿಡಿಯುತ್ತಿತ್ತು. ಡಾಕ್ಟರರು ನರ ದಣಿದಿದೆ ಎಂದರು, ಮನಸ್ಸಿಗೆ ಆರಾಮ ಕೊಡುವ ಯಾವುದಾದರೂ ಹವ್ಯಾಸ ಹಿಡಿಯಿರಿ ಎಂದರು. ಬೈದ ದೊಡ್ಡ ಮನುಷ್ಯರನ್ನು ಯಾರೂ ಯಾವ ಡಾಕ್ಟರರ ಹತ್ತಿರವೂ ಕಳಿಸಲಿಲ್ಲ ಎಂಬುದನ್ನು ಇಲ್ಲಿ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಗಂಡಸು ಕೂಗಿದರೆ ಅವನಿಗೆ ಕೆಲಸದ ಒತ್ತಡ, ಹೆಂಗಸು ಕೂಗಿದರೆ ಅವಳಿಗೆ ನರದ ತೊಂದರೆ.

"ಕ್ರೋಶೆ ಹಾಕು ಪುತಾ," ಎಂದರು ತಾಯಿ ಬರ್ತಾ, ಅವಳು ಮಾಂಯ್ ಎಂದು ಕರೆಯುವವರು. "ಮನಸ್ಸಿಗೆ ತಂಪು."

ಕ್ರೋಶೆ ಅವಳ ಹಳೆಯ ವೈರಿ. ಗ್ಲ್ಯಾಡಿಸ್ ಎಡಚಿ. ಚಿಕ್ಕವಳಿದ್ದಾಗ ಶಾಲೆಯಲ್ಲಿ ಎಡಗೈಗೆ ಬಿದ್ದ ಏಟುಗಳಿಗೆ ಲೆಕ್ಕವಿಲ್ಲ. ಕ್ರೋಶೆ ಕಲಿಸಲು ಬಂದ ಪ್ರತಿಯೊಬ್ಬರೂ ಸೂಜಿಯನ್ನು ಅವಳ ಬಲಗೈಗೆ ತುರುಕಿ, "ಹೀಗೆ ಹಿಡಿ," ಎಂದು ಗದರಿದ್ದರು. ಹೀಗಿರುವಾಗ ಮಣಿಪಾಲದ ಆಸ್ಪತ್ರೆಯಿಂದ ಹೊರಬರುತ್ತ ಅವಳು ಒಂದು ಗೋಡೆಯ ಮೇಲೆ ಕೈಬರಹದ ನೋಟೀಸು ಕಂಡಳು. 'ವಿರಾಮ ಬಳಗ. ಮರದ ಕೆತ್ತನೆ. ಏನೂ ಬಾರದವರಿಗೆ. ಬೇಕಾದದ್ದು ಒಂದು ಚೂರಿ, ಎರಡು ಗಂಟೆ ಸಮಯ.' ಚೂರಿ ಎಂಬ ಮಾತು ಅವಳಿಗೆ ಬಹಳ ಹಿಡಿಸಿತು.

ಎರಡನೆಯ ಶನಿವಾರ ಮೇಷ್ಟ್ರು ಏನೂ ಹೇಳದೆ ಚೂರಿ ಕೊಟ್ಟ. ಅವನ ಹೆಸರು ಮೌರಿಸ್. ಕಾರ್ಕಳದಲ್ಲಿ ತಂದೆಯ ಕೆತ್ತನೆಯ ಶೆಡ್ಡು ಇತ್ತು. ಇಗರ್ಜಿಗಳಿಗೆ ಸಂತರ ಮೂರ್ತಿ, ಕ್ರಿಸ್ಮಸ್ಸಿನ ಗೋದಲಿಗೆ ಕುರಿ, ಕುರುಬ, ಒಂಟೆ ಕೆತ್ತುವುದು ಅವರ ಮನೆಯ ಕೆಲಸ. ಅಚ್ಚಿನಲ್ಲಿ ಎರೆದ ಪ್ಲಾಸ್ಟರಿನ ಮೂರ್ತಿಗಳು ಬಂದ ಮೇಲೆ ಮರದ್ದನ್ನು ಕೇಳುವವರು ಕಡಿಮೆಯಾದರು. ಈಗ ಅವನ ಮನೆಗೆ ಗಟ್ಟಿಯಾಗಿ ಬರುವ ಆದಾಯವೆಂದರೆ ಈ ಶನಿವಾರದ ಕ್ಲಾಸು ಒಂದೇ. ಇದನ್ನು ಹಕೀಂ ಸಾಹೇಬರು ಅವಳಿಗೆ ಪಿಸುಗುಟ್ಟಿ ಹೇಳಿದರು. ಕಾಪುವಿನಲ್ಲಿ ನಲವತ್ತು ವರ್ಷ ಬಟ್ಟೆ ಅಂಗಡಿ ನಡೆಸಿ, ಈಗ ಮಗನ ಕೈಗೆ ಕೊಟ್ಟು ಬಂದವರು ಅವರು. ಸುಮ್ಮನೆ ಕೂತರೆ ಕೈ ಬಟ್ಟೆ ಅಳೆಯುತ್ತದೆ ಬಾಯಮ್ಮ, ಅದಕ್ಕೆ ಕೆತ್ತಲಿಕ್ಕೆ ಬಂದೆ ಎನ್ನುತ್ತಿದ್ದರು. ಆನೆ ಮಾಡುತ್ತೇನೆಂದು ಹಿಡಿದ ಅವರ ಮರ ಸವೆದು ಸವೆದು ಪ್ರತಿ ಸಲವೂ ಹಲ್ಲುಕಡ್ಡಿಯಾಗುತ್ತಿತ್ತು.

ಮೌರಿಸ್ ಹೆಚ್ಚು ಮಾತಿನವನಲ್ಲ. ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ ಎಲ್ಲರ ಹೆಬ್ಬೆರಳಿಗೂ ಸುತ್ತಿಸಿದ. "ಮೊಂಡು ಚೂರಿಯೇ ಕೈ ಕೊಯ್ಯುವುದು, ಹರಿತದ್ದಲ್ಲ," ಎಂದು ಹೇಳಿ ಸಾಣೆಕಲ್ಲಿನ ಮೇಲೆ ಮಸೆಯಲು ಕಲಿಸಿದ. "ಕೈಯಿಂದ ಎಳೆಯಬೇಡಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಚೂರಿಯ ಬೆನ್ನನ್ನು ಮೆಲ್ಲ ದೂಡಿ. ಸಣ್ಣ ಸಿಪ್ಪೆ ಸಾಕು. ಎಂತ ಅರ್ಜೆಂಟು?"

ಉಳಿದವರಿಗೆ ಕಲಿಸುವಾಗ ಅವನು ಅವರ ಪಕ್ಕದಲ್ಲಿ ಕೂರುತ್ತಿದ್ದ. ಗ್ಲ್ಯಾಡಿಸಳಿಗೆ ಮಾತ್ರ ನೇರ ಎದುರಿಗೆ.

ಕಾವಲು ಕೂತಿದ್ದಾನೆ, ತಪ್ಪು ಹಿಡಿಯಲು... ಅವಳು ಮೊದಲು ಹಾಗೆಯೇ ಅಂದುಕೊಂಡಳು. ನಾಲ್ಕನೆಯ ವಾರ, ಅವನ ಕೈ ನೋಡಿ ನೋಡಿ ಕೆತ್ತುತ್ತಿದ್ದಾಗ ತಟ್ಟನೆ ಹೊಳೆಯಿತು. ಎದುರಿಗೆ ಕೂತರೆ ಅವನ ಬಲಗೈ ಅವಳ ಎಡಗೈಗೆ ಕನ್ನಡಿಯಾಗುತ್ತದೆ! ಅವಳು ಕಂಡ ಹಾಗೆಯೇ ಮಾಡಿದರೆ ಸಾಕು, ತಿರುಗಿಸಿ ಯೋಚಿಸಬೇಕಾಗಿಲ್ಲ. ಇಪ್ಪತ್ತೆಂಟು ವರ್ಷಗಳಲ್ಲಿ ಒಬ್ಬರಿಗೂ ಹೊಳೆಯದ ಉಪಾಯ ಅದು. ಅವನು ಒಂದು ದಿನವೂ "ಬಲಗೈಯಲ್ಲಿ ಹಿಡಿಯಿರಿ" ಎಂದಿರಲಿಲ್ಲ. ಅದಕ್ಕೂ ಅವಳಿಗೆ ಅವನ ಮೇಲೆಯೇ ಸ್ವಲ್ಪ ಸಿಟ್ಟು ಬಂತು. ಹೇಳಿಯಾದರೂ ಮಾಡಬಾರದೇ?

ಆ ವಾರ ಬೋರ್ಡಿನ ಮುಂದೆ ಕೂತಾಗ ಕೈ ನಡುಗಲಿಲ್ಲ. ಮುಂದಿನ ವಾರವೂ ನಡುಗಲಿಲ್ಲ. ಶನಿವಾರ ಬರಲು ಇನ್ನೂ ಎಷ್ಟು ದಿನ ಎಂದು ಅವಳು ಬೆರಳು ಮಡಚತೊಡಗಿದಳು. ಮರದ ವಾಸನೆಗಾಗಿ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆಯೇ ಇರಲಿ, ನಾವು ಯಾಕೆ ಇಲ್ಲ ಎನ್ನಬೇಕು.

ಆರನೆಯ ವಾರ ಎಲ್ಲರ ಮೊದಲ ಕೆಲಸ ಮುಗಿಯಿತು. ಪಲ್ಯ ತಿರುವುವ ಒಂದೊಂದು ಮರದ ಸಟ್ಟುಗ. ಗ್ಲ್ಯಾಡಿಸಳ ಸಟ್ಟುಗದ ಕುತ್ತಿಗೆ ವಾಲಿತ್ತು. ಮೂರು ಸಲ ಹಾಳಾಗಿ, ಮೂರು ಸಲವೂ ಬಿಸಾಡದೆ ಸರಿಮಾಡಿದ ಕುತ್ತಿಗೆ ಅದು. ಆದರೂ ಹಿಡಿದರೆ ಕೈಗೆ ಸರಿಯಾಗಿ ಕೂರುತ್ತಿತ್ತು. ಮೌರಿಸ್ ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದ. ಅವಳು ಅವನ ಮುಖ ನೋಡಿದಳು.

"ಬಿಟ್ಟು ಹೋಗಿ," ಎಂದ ಅಷ್ಟೆ. "ಎಲ್ಲರೂ ಬಿಟ್ಟು ಹೋಗಿ. ಮುಂದಿನ ವಾರ ನೋಡುವ."

"ನಾನು ಮಾಂಯ್‌ಗೆ ತೋರಿಸಬೇಕಿತ್ತು. ನನ್ನ ಎಡಗೈಯಿಂದ ಏನೂ ಆಗುವುದಿಲ್ಲ ಅಂತ ಅವಳು..."

ಅವನು ಚೀಲದ ಬಾಯಿ ತೆರೆದು ಹಿಡಿದ. ಅವಳು ಸಟ್ಟುಗವನ್ನು ಅವನ ಚೀಲದಲ್ಲಿ ಬಿಟ್ಟು ಮನೆಗೆ ಹೋದಳು. ಮುಂದಿನ ಭಾನುವಾರ ಅಡುಗೆ ನಾನೇ ಮಾಡುತ್ತೇನೆ ಎಂದು ತಾಯಿಗೆ ಹೇಳಿಟ್ಟಳು.

ಮುಂದಿನ ಶನಿವಾರ ಡ್ಯೂಟಿ ಮುಗಿಯುವುದು ತಡವಾಯಿತು. ಓಡೋಡಿ ಬಂದರೆ ಬಳಗದ ಹಾಲ್‌ನ ಜಗಲಿಯ ಹೊರಗೆ ಮೂರು ಕಲ್ಲಿನ ಒಲೆ, ಅದರ ಮೇಲೆ ಗೆಣಸು ಬೇಯುತ್ತಿರುವ ಪಾತ್ರೆ. ಸುತ್ತ ಎಲ್ಲರೂ ಕೂತು ನಗುತ್ತಿದ್ದಾರೆ. ಒಲೆಯೊಳಗೆ ತೆಂಗಿನ ಸಿಪ್ಪೆಯ ನಡುವೆ ಸಟ್ಟುಗಗಳು ಉರಿಯುತ್ತಿವೆ. ಒಂದರ ಕುತ್ತಿಗೆ ವಾಲಿತ್ತು. ಅವಳು ನೋಡುತ್ತಿದ್ದ ಹಾಗೆಯೇ ಅದು ಮುರಿದು ಕೆಂಡಕ್ಕೆ ಬಿತ್ತು.

"ಬನ್ನಿ ಬಾಯಮ್ಮ," ಎಂದರು ಹಕೀಂ ಸಾಹೇಬರು. "ಮೊದಲ ಕೆಲಸ ಒಲೆಗೆ ಹಾಕಬೇಕಂತೆ, ಮೇಷ್ಟ್ರ ಶೆಡ್ಡಿನ ಪದ್ಧತಿ. ಅದರಲ್ಲಿ ಬೆಂದದ್ದನ್ನು ಎಲ್ಲ ಒಟ್ಟಿಗೆ ತಿನ್ನುವುದಂತೆ. ನಾವೆಲ್ಲ ನಮ್ಮ ನಮ್ಮದು ಹಾಕಿಯಾಯಿತು."

"ನನ್ನದು?"

ಎಲ್ಲರೂ ಮೇಷ್ಟ್ರನ್ನು ನೋಡಿದರು.

"ನನ್ನದನ್ನು ಯಾರು ಹಾಕಿದ್ದು?"

"ಮೊದಲನೆಯದನ್ನು ಇಟ್ಟುಕೊಂಡರೆ ಅದನ್ನೇ ನೋಡುತ್ತ ಕೂರುತ್ತೇವೆ," ಎಂದ ಮೌರಿಸ್, ಒಲೆಯತ್ತ ನೋಡುತ್ತ. "ಎರಡನೆಯದಕ್ಕೆ ಕೈ ಹೋಗುವುದಿಲ್ಲ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ... ಇಲ್ಲಿ ಮೊದಲೇ ಹೇಳಬೇಕು ಅಂತ ನನಗೆ ಹೊಳೆಯಲಿಲ್ಲ."

"ಹೊಳೆಯಲಿಲ್ಲ! ನಾನು ಕೆತ್ತಿದ್ದು. ಆರು ವಾರ ಬಸ್ಸಿನಲ್ಲಿ ನಿಂತು ಬಂದು ಕೆತ್ತಿದ್ದು. ಅದನ್ನು ಯಾರನ್ನು ಕೇಳಿ ಸುಟ್ಟಿರಿ?"

ಅವನು ಬಾಯಿ ತೆರೆದ. ಸುತ್ತ ಇದ್ದ ಐದು ಮುಖಗಳನ್ನು ಒಂದೊಂದಾಗಿ ನೋಡಿದ. ಬಾಯಿ ಮುಚ್ಚಿದ.

ಇಷ್ಟಾದ ಮೇಲೆ ಅವಳು ಅಲ್ಲಿ ನಿಲ್ಲುವುದುಂಟೇ? ಉಡುಪಿಯವರೆಗೂ ಬಸ್ಸಿನ ಕಿಟಕಿಗೆ ಮುಖ ಹಾಕಿ ಅತ್ತಳು. ಎಲ್ಲರೂ ಒಂದೇ ಜಾತಿ. ನನ್ನ ಕೈ, ನನ್ನ ಸಿಟ್ಟು, ನನ್ನ ಮರ... ಎಲ್ಲದಕ್ಕೂ ಇವರದೇ ತೀರ್ಮಾನ, ನನ್ನನ್ನು ಮಾತ್ರ ಒಬ್ಬರೂ ಕೇಳುವುದಿಲ್ಲ. ಎದುರಿಗೆ ಕೂತು ಕಲಿಸಿದವನೂ ಕೇಳಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು.

ಆ ಸಂಜೆಯೇ ವಿರಾಮ ಬಳಗದ ಅಧ್ಯಕ್ಷೆ ಪ್ಯಾಟ್ರಿಶಿಯಾ ಬಾಯಿಗೆ ಮೂರು ಪುಟದ ದೂರು ಬರೆದಳು. ಕೇಳದೆ ಸುಟ್ಟದ್ದು ತಪ್ಪು, ಮೇಷ್ಟ್ರು ಎಲ್ಲರೆದುರು ಕ್ಷಮೆ ಕೇಳಬೇಕು. ಅಷ್ಟೇ ಅವಳು ಬರೆದದ್ದು.

ಹದಿನೈದು ದಿನದ ನಂತರ, ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದು ಕೂತಿದ್ದಾಗ, ಅಂಗಳದಲ್ಲಿ ಹಕೀಂ ಸಾಹೇಬರು ಕಾಣಿಸಿಕೊಂಡರು. ಕಾಪುವಿನಿಂದ ಉಡುಪಿಗೆ ಹೋಗುವ ಬಸ್ಸಿನಿಂದ ಉದ್ಯಾವರದಲ್ಲಿ ಇಳಿದು, ಮನೆ ಕೇಳಿಕೊಂಡು ಬಂದಿದ್ದರು. ಬರ್ತಾ ಚಹಾ ಕೊಟ್ಟು ಒಳಗೆ ಹೋದರು. ಬಾಗಿಲ ಹಿಂದೆಯೇ ನಿಂತರು ಎಂದು ಬೇರೆ ಹೇಳಬೇಕಾಗಿಲ್ಲ.

"ಕ್ಲಾಸು ಬಂದ್ ಆಯಿತು ಬಾಯಮ್ಮ. ಗೊತ್ತುಂಟಾ?"

"ಬಂದ್ ಆಯಿತಾ? ಯಾಕೆ?"

"ನಿಮ್ಮ ಕಾಗದದ ಮೇಲೆ. ಸೆಕ್ರೆಟ್ರಿ ಉಮಾನಾಥರು ಅದನ್ನು ಕಮಿಟಿಯಲ್ಲಿ ಓದಿದರು. ಜಗಲಿಯಲ್ಲಿ ಬೆಂಕಿ ಹಾಕಿದ, ಹೆಂಗಸರ ಕೈಗೆ ಚೂರಿ ಕೊಟ್ಟ ಅಂತೆಲ್ಲ ಸೇರಿಸಿದರು. ಅವರಿಗೆ ಶನಿವಾರ ಕೇರಂ ಆಡಲಿಕ್ಕೆ ಆ ಹಾಲ್ ಬೇಕಿತ್ತು. ಅಧ್ಯಕ್ಷರು ಎರಡು ಸಲ ಕೇಳಿದರು, ನಿಮ್ಮ ಕಡೆಯಿಂದ ಹೇಳಲಿಕ್ಕೆ ಎಂತ ಉಂಟು ಅಂತ. ಮೇಷ್ಟ್ರು ತಪ್ಪಾಯಿತು ಅಂದು ಬೀಗದ ಕೈ ಮೇಜಿನ ಮೇಲಿಟ್ಟು ಹೋದರು. ಬರುವ ಶನಿವಾರ ಕಮಿಟಿ ಸೇರಿ ಮುದ್ರೆ ಒತ್ತಿದರೆ ಮುಗಿಯಿತು."

ಗ್ಲ್ಯಾಡಿಸಳಿಗೆ ಮೈಯೆಲ್ಲ ಉರಿದು ಹೋಯಿತು. ಅವಳ ಸಿಟ್ಟನ್ನೂ ಯಾರೋ ಅವಳನ್ನು ಕೇಳದೆ ಬಳಸಿಕೊಂಡಿದ್ದರು.

"ಇನ್ನೊಂದು ಮಾತು," ಸಾಹೇಬರು ದನಿ ತಗ್ಗಿಸಿದರು. "ನಲವತ್ತು ವರ್ಷ ಬಟ್ಟೆಯ ಮುಖ ಯಾವುದು, ಬೆನ್ನು ಯಾವುದು ಅಂತ ಬೆರಳಲ್ಲಿ ಮುಟ್ಟಿ ಹೇಳಿದವ ನಾನು. ಅವತ್ತು ಮೇಷ್ಟ್ರು ಒಲೆಗೆ ಹಾಕುವ ಮೊದಲು ನಿಮ್ಮ ಸಟ್ಟುಗ ಅಂತ ತೋರಿಸಿದ್ದನ್ನು ನಾನು ಕೈಯಲ್ಲಿ ಹಿಡಿದಿದ್ದೆ. ನೀವು ಎಡಚಿ. ನಿಮ್ಮ ಚೂರಿಯ ಗೆರೆ ಒಂದು ಕಡೆಗೆ ಓರೆ ಹೋಗುತ್ತದೆ, ನಮ್ಮದೆಲ್ಲ ಇನ್ನೊಂದು ಕಡೆಗೆ. ಅದರ ಗೆರೆ ನಮ್ಮ ಹಾಗೆಯೇ ಇತ್ತು ಬಾಯಮ್ಮ. ಸುಟ್ಟದ್ದು ನಿಮ್ಮದಲ್ಲ."

ಅವಳು ಎದ್ದು ನಿಂತಳು.

"ಮತ್ತೆ... ನನ್ನದು ಎಲ್ಲಿ?"

"ಅದನ್ನು ಕಾರ್ಕಳಕ್ಕೆ ಹೋಗಿ ಕೇಳಬೇಕು. ನಾನು ಹಲ್ಲುಕಡ್ಡಿ ಮಾಡುವವ, ನನಗೇನು ಗೊತ್ತು?"

ಅವಳು ಮರುದಿನವೇ ರಜೆ ಹಾಕಿ ಕಾರ್ಕಳದ ಬಸ್ಸು ಹತ್ತಿದಳು.

ಶೆಡ್ಡಿನ ಬಾಗಿಲಲ್ಲಿ ಮೌರಿಸನ ತಂದೆ ರೊಸಾರಿಯೊ ಒಂದು ಮರದ ಕುರಿಯ ಕಾಲು ಉಜ್ಜುತ್ತ ಕೂತಿದ್ದರು. ಅವಳನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು. "ಮೌರಿಸ್, ಬಾ ಇಲ್ಲಿ. ಆ ಸಿಟ್ಟಿನವಳು ಬಂದಿದ್ದಾಳೆ."

ಅಂದರೆ ಮನೆಯಲ್ಲಿ ತನ್ನ ಮಾತು ಆಡಿದ್ದಾನೆ... ಎಂಥ ಹೆಸರಿನಲ್ಲಿ ನೋಡಿ.

ಮೌರಿಸ್ ಬಂದ. ಅವಳನ್ನು ಕಂಡು ಕೈಯಲ್ಲಿದ್ದ ಉಳಿ ಕೆಳಗಿಟ್ಟ.

"ನನ್ನ ಸಟ್ಟುಗ ಕೊಡಿ."

ಅವನು ಸುಳ್ಳು ಹೇಳಲಿಲ್ಲ. ಒಳಗೆ ಹೋಗಿ, ಉಳಿಗಳನ್ನಿಡುವ ಪೆಟ್ಟಿಗೆಯಿಂದ ಅದನ್ನು ತಂದು ಅವಳ ಕೈಗೆ ಕೊಟ್ಟ.

"ಹಾಗಾದರೆ ಸುಟ್ಟದ್ದು ಎಂತದು?"

"ನಾನು ಕೆತ್ತಿದ್ದು. ನಿಮ್ಮದರ ಹಾಗೆ." ಅವನು ನೆಲ ನೋಡಿದ. "ಸುಲಭವಾಗಲಿಲ್ಲ. ಬೇಕೆಂತಲೇ ಹಾಳು ಕೆಲಸ ಮಾಡಲಿಕ್ಕೆ ಕೈ ಕೇಳುವುದಿಲ್ಲ. ಮೂರನೆಯದು ಸುಮಾರಿಗೆ ನಿಮ್ಮದರಷ್ಟು ಕೆಟ್ಟದಾಗಿ ಬಂತು."

ಬೇರೆ ಹೊತ್ತಾಗಿದ್ದರೆ ಅವಳು ನಗುತ್ತಿದ್ದಳೇನೋ. "ಕಮಿಟಿಯ ಎದುರು ಇದನ್ನು ಯಾಕೆ ಹೇಳಲಿಲ್ಲ? ಹೇಳಿದ್ದರೆ ಕ್ಲಾಸು ಉಳಿಯುತ್ತಿತ್ತು."

"ಐದು ಜನರದು ಒಲೆಗೆ ಹಾಕಿಸಿದೆ, ಒಬ್ಬರದು ಮಾತ್ರ ಉಳಿಸಿದೆ ಅಂದರೆ, ಯಾಕೆ ಅಂತ ಕೇಳುತ್ತಾರೆ. ಮತ್ತೆ ನಿಮ್ಮ ಹೆಸರು ಉಡುಪಿಯಿಡೀ ಹೋಗುತ್ತದೆ. ನೀವು ಕೆಲಸಕ್ಕೆ ಹೋಗುವವರು. ನಿಮ್ಮ ಹೆಸರು ಹಾಳಾಗುವುದು ಬೇಡ ಅಂತ..."

"ನನ್ನ ಹೆಸರು ಕಾಯಲಿಕ್ಕೆ ನಿಮಗೆ ಹೇಳಿದವರು ಯಾರು?" ಅವಳ ದನಿ ಏರಿತು. "ಸುಡುವಾಗಲೂ ಕೇಳಲಿಲ್ಲ. ಉಳಿಸುವಾಗಲೂ ಕೇಳಲಿಲ್ಲ. ನನಗೋಸ್ಕರ ಕ್ಲಾಸು ಕಳೆದುಕೊಂಡಿರಿ, ಅದನ್ನೂ ಕೇಳಲಿಲ್ಲ! ನಾನು ಅಲ್ಲಿ ಹದಿನೈದು ದಿನ ನಿಮ್ಮನ್ನು ಶಪಿಸುತ್ತ ಕೂತಿದ್ದೆ, ಗೊತ್ತಾ? ಅಷ್ಟು ದಿನ ನನ್ನನ್ನು ಸುಳ್ಳಿನಲ್ಲಿ ಕೂರಿಸಲಿಕ್ಕೆ ನಿಮಗೆ ಯಾರು ಅಧಿಕಾರ ಕೊಟ್ಟದ್ದು?"

ರೊಸಾರಿಯೊ ಕುರಿಯ ಕಾಲು ಉಜ್ಜುವುದನ್ನು ನಿಲ್ಲಿಸಿದ್ದರು.

"ಒಂದು ಹೇಳಿ. ಯಾಕೆ ಉಳಿಸಿದಿರಿ?"

"ಸುಡಲಿಕ್ಕೆ ಕೈ ಬರಲಿಲ್ಲ."

"ಅದು ಉತ್ತರವಲ್ಲ."

ಅವನು ಸುಮ್ಮನಿದ್ದ. ಕಿವಿ ಮಾತ್ರ ಕೆಂಪಾಗಿತ್ತು. ಎಂಥ ಮೌನವೋ ಮಾರಾಯ, ನೋಡುವವರಿಗೇ ಹಿಡಿದು ಅಲ್ಲಾಡಿಸಬೇಕು ಅನಿಸುವಂಥದು.

ಗ್ಲ್ಯಾಡಿಸ್ ಕೈಯಲ್ಲಿದ್ದ ಸಟ್ಟುಗವನ್ನು ನೋಡಿದಳು. ಹದಿನೈದು ದಿನ ಅದನ್ನು ನೆನೆದು ನೆನೆದು ಅತ್ತಿದ್ದಳು. ಈಗ ನೋಡಿದರೆ ಕುತ್ತಿಗೆ ವಕ್ರ, ಒಂದು ಅಂಚು ದಪ್ಪ, ಇನ್ನೊಂದು ತೆಳ್ಳಗೆ. ತಪ್ಪು ಎಲ್ಲಿ ಆಗಿದೆ ಎಂದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಇನ್ನೊಂದು ಮಾಡಿದರೆ ಹೀಗಾಗುವುದಿಲ್ಲ ಎಂದೂ ಅನಿಸಿತು. ಮೂಲೆಯಲ್ಲಿ ಮರಕ್ಕೆ ಹಚ್ಚುವ ಅಂಟು ಕಾಯಿಸುವ ಸಣ್ಣ ಒಲೆ ಉರಿಯುತ್ತಿತ್ತು. ಅವಳು ನಾಲ್ಕು ಹೆಜ್ಜೆ ನಡೆದು ಹೋಗಿ ಸಟ್ಟುಗವನ್ನು ಒಲೆಯೊಳಗೆ ದೂಡಿದಳು.

"ಅಯ್ಯೋ," ಎಂದು ಮೌರಿಸ್ ಮುಂದೆ ಬಂದ.

"ಮುಟ್ಟಬೇಡಿ. ನನ್ನದು. ಸುಡುವುದಾದರೆ ನಾನು ಸುಡುತ್ತೇನೆ."

ಮೂವರೂ ಅದು ಉರಿಯುವುದನ್ನು ನೋಡುತ್ತ ನಿಂತರು.

"ಇನ್ನು ಇವಳು ಕಲಿತಾಳು," ಎಂದರು ರೊಸಾರಿಯೊ, ಕುರಿಯನ್ನು ಮತ್ತೆ ಕೈಗೆತ್ತಿಕೊಂಡು.

"ಶನಿವಾರ ಮೂರು ಗಂಟೆಗೆ ಕಮಿಟಿ ಉಂಟು," ಎಂದಳು ಗ್ಲ್ಯಾಡಿಸ್ ಬಾಗಿಲಲ್ಲಿ ನಿಂತು. "ನಾನು ಹೋಗುತ್ತೇನೆ. ನೀವು ಬರುವುದಾದರೆ ಬನ್ನಿ. ಬರದಿದ್ದರೆ ನಿಮ್ಮ ಪೆಟ್ಟಿಗೆಗೆ ಬೀಗ ಹಾಕಿ ಕೂತುಕೊಳ್ಳಿ."

ಶನಿವಾರ ಹಾಲಿನಲ್ಲಿ ಕೇರಂ ಬೋರ್ಡು ಬಂದಾಗಿತ್ತು. ಮೇಜಿನ ಹಿಂದೆ ಪ್ಯಾಟ್ರಿಶಿಯಾ ಬಾಯಿ, ಪಕ್ಕದಲ್ಲಿ ನಡಾವಳಿ ಪುಸ್ತಕ ತೆರೆದ ಉಮಾನಾಥರು, ಗೋಡೆಯ ಪಕ್ಕ ಹಳೆಯ ಕ್ಲಾಸಿನ ಐವರು, ಬಳಗದ ಹತ್ತು ಹನ್ನೆರಡು ಸದಸ್ಯರು. ಮೌರಿಸ್ ಬಂದಿದ್ದ. ಬಾಗಿಲಿಗೆ ಒರಗಿ ನಿಂತಿದ್ದ. ಗ್ಲ್ಯಾಡಿಸ್ ಅವನನ್ನು ಒಮ್ಮೆ ನೋಡಿ ಎದ್ದು ನಿಂತಳು.

"ನನ್ನ ಕಾಗದದಲ್ಲಿ ಕ್ಲಾಸು ಮುಚ್ಚಿ ಅಂತ ಎಲ್ಲಿ ಬರೆದಿದ್ದೇನೆ? ಓದಿ ಹೇಳಿ."

ಉಮಾನಾಥರು ಪುಟ ತಿರುವಿದರು. "ಹಾಗೆ ನೇರ ಬರೆದಿಲ್ಲ. ಆದರೆ ಅದರ ಭಾವ..."

"ಭಾವ ನನ್ನದು. ಅದು ಎಂತದು ಅಂತ ನಾನು ಹೇಳುತ್ತೇನೆ. ಮೇಷ್ಟ್ರು ನನ್ನನ್ನು ಕೇಳದೆ ಮಾಡಿದರು, ಅದು ತಪ್ಪು. ಇವತ್ತಿಗೂ ತಪ್ಪೇ. ನೀವು ನನ್ನನ್ನು ಕೇಳದೆ ನನ್ನ ಹೆಸರಿನಲ್ಲಿ ಕ್ಲಾಸು ಮುಚ್ಚಿದಿರಿ. ಅದು ಅದಕ್ಕಿಂತ ದೊಡ್ಡ ತಪ್ಪು. ಈ ಕ್ಲಾಸಿಗೆ ಬಂದ ಮೇಲೆ ನನ್ನ ಕೈ ನಡುಗುವುದು ನಿಂತಿತು. ಮತ್ತೆ, ಇವರು ನನ್ನ ಸಟ್ಟುಗ ಸುಡಲೇ ಇಲ್ಲ. ಇಟ್ಟುಕೊಂಡಿದ್ದರು. ಮೊನ್ನೆ ಅದನ್ನು ಸುಟ್ಟವಳು ನಾನು."

ಹಾಲಿನಲ್ಲಿ ಗುಸುಗುಸು ಎದ್ದಿತು. ಪ್ಯಾಟ್ರಿಶಿಯಾ ಬಾಯಿ ಕನ್ನಡಕದ ಮೇಲಿನಿಂದ ನೋಡಿದರು. ಮೂವತ್ತು ವರ್ಷ ಹೆಡ್ ಮಿಸ್ಟ್ರೆಸ್ ಆಗಿದ್ದವರ ನೋಟ ಅದು.

"ಎಲ್ಲರದು ಸುಡಿಸಿ ನಿನ್ನದನ್ನು ಯಾಕೆ ಇಟ್ಟುಕೊಂಡದ್ದು?"

"ಅದನ್ನು ಅವರು ಹೇಳಬೇಕು ಬಾಯಿ. ಕೇಳಲಿಕ್ಕೆ ನಾನೂ ಬಂದಿದ್ದೇನೆ."

ಎಲ್ಲರ ತಲೆಯೂ ಬಾಗಿಲ ಕಡೆ ತಿರುಗಿತು. ಗ್ಲ್ಯಾಡಿಸ್ ಮಾತ್ರ ತಿರುಗಲಿಲ್ಲ. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು. ಈಗಲೂ ಅವನು ಬಾಯಿ ಮುಚ್ಚಿ ನಿಂತರೆ... ನಾನು ಈ ಮಣಿಪಾಲದ ಗುಡ್ಡ ಇಳಿದವಳು ಮತ್ತೆ ಹತ್ತುವುದಿಲ್ಲ.

"ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ," ಎಂದ ಮೌರಿಸ್. ಅವನು ಒಳಗೆ ಬಂದು ನಿಂತಿದ್ದ. "ಅವರನ್ನು ಕೇಳಬೇಕಿತ್ತು, ಕೇಳಲಿಲ್ಲ. ಕ್ಷಮಿಸಬೇಕು. ಇನ್ನು ಯಾಕೆ ಅಂತ... ನಮ್ಮ ಶೆಡ್ಡಿನಲ್ಲಿ ಅಜ್ಜನ ಕಾಲದಿಂದ ಯಾರೂ ಈ ಪದ್ಧತಿ ಮುರಿದಿಲ್ಲ. ನಾನು ಸಹ ನನ್ನ ಮೊದಲ ಕೆಲಸ ಸುಟ್ಟವ. ಮೊದಲ ದಿನ ಇವರ ಕೈಯಿಂದ ಚೂರಿ ಬಿಡಿಸಿದೆ. ಇನ್ನು ಬರುವುದಿಲ್ಲ ಅಂದುಕೊಂಡೆ. ಬಂದರು. ಆ ಕುತ್ತಿಗೆ ಮೂರು ಸಲ ಹಾಳಾಗಿ 'ಹಾಳಾಗಿ ಹೋಗಲಿ' ಅಂತ ಬೈದುಕೊಂಡೇ ಮೂರು ಸಲವೂ ಸರಿಮಾಡಿದ್ದನ್ನು ಎದುರಿಗೆ ಕೂತು ನೋಡಿದ್ದೇನೆ. ಮನೆಯಲ್ಲಿ ಒಲೆಯ ಹತ್ತಿರ ಹಿಡಿದು ನೋಡಿದೆ. ಕೈ ಮುಂದೆ ಹೋಗಲಿಲ್ಲ. ಯಾಕೆ ಅಂತ ಆವಾಗಲೇ ಗೊತ್ತಾಯಿತು."

ಅವನು ನಿಲ್ಲಿಸಿದ. ಹಕೀಂ ಸಾಹೇಬರು ಗಂಟಲು ಸರಿಮಾಡಿಕೊಂಡರು, ಮುಂದೆ ಹೇಳು ಎನ್ನುವ ಹಾಗೆ.

"ನನಗೆ ಇವರ ಮೇಲೆ ಪ್ರೀತಿ ಉಂಟು. ಅದಕ್ಕೆ ಸುಡಲಿಲ್ಲ."

ಅಷ್ಟು ಹೊತ್ತು ಸರಸರ ಓಡುತ್ತಿದ್ದ ಉಮಾನಾಥರ ಪೆನ್ನು ನಿಂತಿತು. "ಬಾಯಿ, ಇದನ್ನು ನಡಾವಳಿಯಲ್ಲಿ ಹೇಗೆ ಬರೆಯುವುದು?"

"ಮೇಷ್ಟ್ರು ಸರಿಯಾದ ಕಾರಣ ಕೊಟ್ಟರು ಅಂತ ಬರೆಯಿರಿ," ಎಂದರು ಪ್ಯಾಟ್ರಿಶಿಯಾ ಬಾಯಿ. "ಮುಂದಿನ ವಾರದಿಂದ ಕ್ಲಾಸು ಉಂಟು, ಸುಡುವ ವಿಷಯ ಮೊದಲ ದಿನವೇ ಎಲ್ಲರಿಗೂ ಹೇಳಬೇಕು ಅಂತಲೂ ಬರೆಯಿರಿ. ಕೇರಂ ನೀವು ಭಾನುವಾರ ಆಡಬಹುದು."

ಗ್ಲ್ಯಾಡಿಸ್ ಹೊರಗೆ ಬಂದಾಗ ನಾಲ್ಕು ಗಂಟೆಯ ಬಿಸಿಲು ಮೆಟ್ಟಿಲ ಮೇಲಿತ್ತು. ಅವಳ ಕೆನ್ನೆ ಒದ್ದೆಯಾಗಿತ್ತು, ಅದನ್ನು ಒರೆಸಿಕೊಳ್ಳುವ ಗೋಜಿಗೆ ಅವಳು ಹೋಗಲಿಲ್ಲ. ಹಿಂದೆಯೇ ಬಂದ ಮೌರಿಸ್ ಎರಡು ಮೆಟ್ಟಿಲು ಮೇಲೆ ನಿಂತ.

"ಎಲ್ಲರೆದುರು ಹೇಳಿಸಿದಿರಿ," ಎಂದ.

"ನೀವು ನನ್ನೆದುರು ಹೇಳುತ್ತಿರಲಿಲ್ಲವಲ್ಲ."

"ಅದು ಹೌದು." ಎಂದು ಒಪ್ಪಿಕೊಂಡ. "ನಿಮ್ಮ ಮನೆಗೆ ರಾಯಭಾರಿಯನ್ನು ಕಳಿಸಲಾ? ನಮ್ಮ ಇಗರ್ಜಿಯ ಸಿಲ್ವೆಸ್ಟರ್ ಅಂಕಲ್ ಸಂಬಂಧದ ಮಾತಿಗೆ ಹೋಗುತ್ತಾರೆ."

"ಸಿಲ್ವೆಸ್ಟರ್ ಅಂಕಲ್ ಯಾಕೆ? ಅವರನ್ನು ಮದುವೆಯಾಗುವುದು ನಾನಲ್ಲ. ನನಗೆ ಕಿವಿ ಉಂಟು, ನನ್ನನ್ನು ಕೇಳಿ."

ಅವನು ಎರಡೂ ಮೆಟ್ಟಿಲು ಇಳಿದು ಅವಳ ಎದುರಿಗೆ ಬಂದ. "ನನ್ನನ್ನು ಮದುವೆಯಾಗುತ್ತೀರಾ ಗ್ಲ್ಯಾಡಿಸ್?"

"ನನ್ನ ಸಿಟ್ಟು ಹೋಗುವುದಿಲ್ಲ. ಮೊದಲೇ ಹೇಳುತ್ತಿದ್ದೇನೆ. ಡಾಕ್ಟ್ರು ಹೇಳಿದ ಹವ್ಯಾಸದಿಂದ ಕೈ ಸರಿಯಾಯಿತು, ಸಿಟ್ಟು ಹಾಗೆಯೇ ಉಂಟು."

"ಹೋಗುವುದು ಬೇಡ. ಇವತ್ತು ಅದು ಇಲ್ಲದಿದ್ದರೆ ಕ್ಲಾಸು ಉಳಿಯುತ್ತಿರಲಿಲ್ಲ."

ಅವಳ ಸಿಟ್ಟನ್ನು ಬೇಡ ಎನ್ನದ ಮೊದಲ ಮನುಷ್ಯ ಅವನು. ಹೌದು ಎಂದು ತಲೆಯಾಡಿಸಿದಳು. ಎರಡು ಸಲ ಆಡಿಸಿದಳು, ಅವನಿಗೆ ಕಾಣಲಿಲ್ಲವೇನೋ ಎಂದು.

ಅವನು ಆವತ್ತು ಮೊದಲ ಬಾರಿಗೆ ಪೂರ್ತಿ ನಕ್ಕ. ಆಮೇಲೆ, ಕಲಿತ ಪಾಠ ಮರೆಯದ ಹುಡುಗನಂತೆ ಬಹಳ ಮರ್ಯಾದೆಯಿಂದ ಕೇಳಿದ.

"ಬಸ್ ಸ್ಟ್ಯಾಂಡಿನ ತನಕ ನಿಮ್ಮ ಜೊತೆ ಬರಬಹುದಾ?"

"ಬಸ್ ಸ್ಟ್ಯಾಂಡಿನ ತನಕ ಮಾತ್ರವಾ?" ಎಂದು ಅವಳು ಸಿಟ್ಟಿನಿಂದಲೇ ಕೇಳಿದಳು.